ನಾನು ಬಾಯಿ ಮುಚ್ಚಿಸಿದ ಎಚ್ಚರಿಕೆ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರೇ ಹೇಳಿದ್ದಾರೆ. ಕಚೇರಿಯಲ್ಲಿ ನಾವೆಲ್ಲ ಮೇಡಂ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ.

ಸಿರುಗುಪ್ಪದ ಒಂದು ಕಾಲೇಜಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದ ಮೇಡಂ ಈ ವರ್ಷ ನಿವೃತ್ತರಾದರು. ಬೀಳ್ಕೊಡುಗೆಗೆ ಒಂದು ಪುಸ್ತಕ ತರುತ್ತಿದ್ದೇವೆ, ನೀವು ಬಳ್ಳಾರಿಯಲ್ಲಿ ಅವರ ಜೊತೆ ಕೆಲಸ ಮಾಡಿದವರಂತೆ, ಎರಡು ಪುಟ ಬರೆದುಕೊಡಿ ಎಂದು ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಬರೆದೆ. ಎರಡೂ ಪುಟದ ತುಂಬ ಅವರ ಗುಣಗಾನ. ಓದಿ ನೋಡಿದರೆ ಬರೆದದ್ದೆಲ್ಲ ನಿಜವೇ, ಆದರೆ ಒಂದು ಸಂಗತಿ ಮಾತ್ರ ಇರಲಿಲ್ಲ. ಹದಿನಾರು ವರ್ಷದ ಹಿಂದೆ ಅವರ ಕೆಲಸ ಹೋದದ್ದು ನನ್ನಿಂದ. ಅದು ಅವರಿಗೆ ಗೊತ್ತಿರಲಿಲ್ಲ. ಆ ಸಂಗತಿ ಬಿಟ್ಟು ಬರೆದ ಹೊಗಳಿಕೆ ನನಗೇ ಹೇಸಿಗೆ ಎನಿಸಿ ಹರಿದು ಹಾಕಿದೆ. ಇದು ಎರಡನೆಯ ಸಲ ಬರೆದದ್ದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬಳ್ಳಾರಿಯಲ್ಲಿ ಬೇಸಾಯದ ನೀರಿಗೆ ಸಂಬಂಧಪಟ್ಟ ಒಂದು ಯೋಜನೆಯ ಕಚೇರಿಯಲ್ಲಿ ಸಹಾಯಕನಾಗಿದ್ದೆ. ಹೊಲಗಳಲ್ಲಿ ನಾವು ನೆಟ್ಟಿದ್ದ ಪೆಟ್ಟಿಗೆಗಳು ಗಂಟೆಗೊಮ್ಮೆ ಮಣ್ಣಿನ ತೇವ ಅಳೆದು ಸಣ್ಣ ಕಾರ್ಡೊಂದರಲ್ಲಿ ದಾಖಲಿಸುತ್ತಿದ್ದವು. ಸಿರುಗುಪ್ಪದ ಭತ್ತದ ಗದ್ದೆಯಲ್ಲೊಂದು, ಕೆಂಚನಗುಡ್ಡದ ಹತ್ತಿರ ಹೊಳೆ ದಂಡೆಯಲ್ಲೊಂದು, ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲೊಂದು. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಕಾರ್ಡು ಬಿಚ್ಚಿ ತರುವುದು ನನ್ನ ಕೆಲಸ. ಅದರೊಳಗಿನ ಅಂಕಿಗಳನ್ನು ವಿಜ್ಞಾನಿಗಳು ಬಳಸುವಂಥ ಕಡತಕ್ಕೆ ತುಂಬಿಸುವುದು ಮೇಡಂ ಕೆಲಸ. ಆ ಕಡತ ನೋಡಿ ರೈತರ ಮೊಬೈಲಿಗೆ ನೀರು ಬಿಡಿ, ಬಿಡಬೇಡಿ ಎಂಬ ಸಂದೇಶ ಹೋಗುತ್ತಿತ್ತು.

ಬಂದ ಹೊಸದರಲ್ಲಿ ಅವರು ಒಂದು ದಿನ ನನ್ನನ್ನು ಕರೆದು ತಮ್ಮ ಪಕ್ಕದ ಕುರ್ಚಿ ತೋರಿಸಿದರು.

“ಕುಂದರ್ರಿ ಅಣ್ಣಾರ.”

“ಇರ್ಲಿ ಬಿಡ್ರಿ ಮೇಡಂ, ನಾ ನಿಂತಿರ್ತೀನಿ.”

“ವಾರಾ ವಾರಾ ಬಿಸಿಲಾಗ ಹೋಗಿ ಕಾರ್ಡು ತರ್ತೀರಿ. ಅದರಾಗ ಏನೈತಿ ಅಂತ ನಿಮಗ ಗೊತ್ತಾಗಬ್ಯಾಡೇನು? ಕುಂದರ್ರಿ.”

ಐವತ್ತು ದಾಟಿದ ನನ್ನನ್ನು ಹೀಗೆ ಕೂರಿಸಿಕೊಂಡು ಕಲಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಕಚೇರಿಯಲ್ಲಿ ನನ್ನ ಕೈಗೆ ಚಹದ ತಟ್ಟೆ ಕೊಟ್ಟವರೇ ಹೆಚ್ಚು.

ಮೇಡಂ ತಂದೆಯವರದು ಬ್ರೂಸ್‌ಪೇಟೆಯಲ್ಲಿ ನಟ್ಟು ಬೋಲ್ಟಿನ ಸಣ್ಣ ಅಂಗಡಿ. ಗೋಡೆಯಲ್ಲಿ ಬುದ್ಧನ ಪಟ, ಕೆಳಗೆ ಸಾಲು ಸಾಲು ಡಬ್ಬಿ. ಚಿಕ್ಕಂದಿನಲ್ಲಿ ರಜೆಯ ದಿನ ಅಲ್ಲಿ ಕೂತು ಬೆರೆತುಹೋದ ಬೋಲ್ಟುಗಳನ್ನು ಬೇರೆ ಮಾಡುವುದು ಅವರ ಕೆಲಸವಾಗಿತ್ತಂತೆ. ಒಂದು ದಿನ ಅಂಗಡಿಯಿಂದ ಒಂದು ನಟ್ಟು, ಎರಡು ಬೋಲ್ಟು ತಂದು ನನ್ನ ಮುಂದಿಟ್ಟರು.

“ಚೂಡಂಡಿ, ನೋಡ್ರಿ ಅಣ್ಣಾರ, ಎರಡೂ ಒಂದೇ ಅದಾವೇನು?”

ಒಂದೇ ದಪ್ಪ, ಒಂದೇ ಉದ್ದ. ಒಂದೇ ಎಂದೆ. ಮೊದಲನೆಯದು ಬೆರಳಲ್ಲಿ ತಿರುವಿದರೆ ಕೊನೆಯತನಕ ಸರಾಗವಾಗಿ ಹೋಯಿತು. ಎರಡನೆಯದು ಎರಡು ಸುತ್ತು ಹೋಗಿ ಬಿಗಿಯಿತು. ಬಲ ಹಾಕಲು ಹೋದೆ. ಕೈ ಹಿಡಿದರು.

“ಒಂದು ಮಿಲಿಮೀಟರಿಂದು, ಒಂದು ಸೂತಿಂದು, ಅಂದ್ರ ಇಂಚಿನ ಲೆಕ್ಕದ್ದು. ಪಾನಾ ಹಾಕಿ ತಿರುವಿದ್ರ ಒಳಗ ಹೋಗ್ತೈತಿ. ಆದ್ರ ಒಳಗಿನ ಎಳಿ ಕತ್ತರಿಸಿ ಹೋಗ್ತಾವು. ಹೊರಗಿಂದ ನೋಡಿದ್ರ ಗಟ್ಟಿ ಕುಂತೈತಿ ಅನ್ನಬೇಕು, ಹಂಗ ಇರ್ತೈತಿ. ಭಾರ ಬಿದ್ದ ದಿನ ಗೊತ್ತಾಗ್ತೈತಿ.”

ಅಂಕಿಗಳನ್ನು ಕಡತಕ್ಕೆ ತುಂಬಿಸುವ ಫಂಕ್ಷನ್ನುಗಳನ್ನು ಯಾರೋ ತಿಳಿದವರು ಮೊದಲೇ ಬರೆದಿಟ್ಟಿರುತ್ತಾರೆ. ಆ ಗುಂಪಿಗೆ ಲೈಬ್ರರಿ ಎನ್ನುತ್ತಾರೆ. ಮೇಡಂ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಅವುಗಳನ್ನು ಕರೆಯುತ್ತಿದ್ದರು. ಕರೆಯುವಾಗ ಲೈಬ್ರರಿ ಯಾವ ಬಗೆಯ ಅಂಕಿ ಕೇಳಿದೆಯೋ ಅದೇ ಬಗೆಯದನ್ನು ಕೊಡಬೇಕು. ಫ್ಲೋಟ್ ಎಂದರೆ ಕಂಪ್ಯೂಟರಿನ ನೆನಪಿನಲ್ಲಿ ನಾಲ್ಕು ಮನೆ ಹಿಡಿಯುವ ಅಂಕಿ. ಡಬಲ್ ಎಂದರೆ ಎಂಟು ಮನೆಯದು. ಸಾಲುಗಟ್ಟಲೆ ಅಂಕಿಗಳಿದ್ದಾಗ ನಾವು ಫಂಕ್ಷನ್ನಿಗೆ ಅಂಕಿಗಳನ್ನೇ ಕೊಡುವುದಿಲ್ಲ, ಅವು ಇರುವ ವಿಳಾಸ ಕೊಡುತ್ತೇವೆ. ನಾಲ್ಕು ಮನೆಯ ಲೆಕ್ಕದಲ್ಲಿ ಎತ್ತುವ ಫಂಕ್ಷನ್ನಿಗೆ ಎಂಟು ಮನೆಯ ಅಂಕಿಗಳ ವಿಳಾಸ ಕೊಟ್ಟರೆ ಅದು ಪ್ರತಿಯೊಂದನ್ನೂ ನಡುವೆ ಕಡಿದು, ಅರ್ಧರ್ಧವನ್ನೇ ಪೂರ್ತಿ ಅಂಕಿ ಎಂದುಕೊಳ್ಳುತ್ತದೆ. ಇಷ್ಟು ನನಗೆ ಅರ್ಥವಾಗಲು ಒಂದು ಬೇಸಿಗೆ ಹಿಡಿಯಿತು. ಅವರು ಒಮ್ಮೆಯೂ ಬೇಸರಿಸಲಿಲ್ಲ.

ಬಗೆ ಎನ್ನುವಲ್ಲಿ ನಾನೊಮ್ಮೆ ಜಾತಿ ಎಂದೆ. “ಇದು ಯಾವ ಜಾತಿ ಅಂಕಿ ರೀ?” ಅವರು ಕೀಲಿಮಣೆಯಿಂದ ಕೈ ತೆಗೆದು ನನ್ನತ್ತ ತಿರುಗಿದರು. “ಆ ಮಾತು ಮನಷ್ಯಾರಿಗೆ ಹಚ್ಚಿದ್ದೇ ಸಾಕಾಗೈತಿ. ಇದಕ್ಕ ಅಳತಿ ಅನ್ರಿ.” ಅಂದಿನಿಂದ ಅಳತೆ ಎನ್ನುವುದೇ ರೂಢಿಯಾಯಿತು.

ಅವರ ಇನ್ನೊಂದು ಪದ್ಧತಿ ಹೇಳಬೇಕು. ಪ್ರೋಗ್ರಾಂ ಜೋಡಿಸುವಾಗ ಅಳತೆ ಹೊಂದದಿದ್ದರೆ ಪರದೆಯ ಮೇಲೆ ವಾರ್ನಿಂಗ್ ಬರುತ್ತದೆ. ಕೆಲಸ ನಿಲ್ಲುವುದಿಲ್ಲ, ಬರೀ ಎಚ್ಚರಿಕೆ. ಬಹಳ ಜನ ಅದನ್ನು ನೋಡಿಯೂ ನೋಡದಂತೆ ಮುಂದೆ ಹೋಗುತ್ತಾರೆ. ಮೇಡಂ ಮಾತ್ರ ಬಂದ ಕಾಗದ ಓದುವಂತೆ ಅದನ್ನು ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಆಮೇಲೆ ನೋಟ್‌ಬುಕ್ಕಿನಲ್ಲಿ ಆ ಫಂಕ್ಷನ್ನು ಏನು ಕೇಳಿದೆ, ತಾವು ಏನು ಕೊಟ್ಟಿದ್ದೇವೆ ಎಂದು ಎದುರುಬದುರು ಬರೆದು, ಹೊಂದಿದ್ದಕ್ಕೆಲ್ಲ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಕೊನೆಯ ಗುರುತು ಬೀಳುವವರೆಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದ್ದರೂ ಅದು ಆರಿಹೋಗಬೇಕು.

“ನಾ ಇಲ್ಲದಾಗ ವಾರ್ನಿಂಗ್ ಬಂದ್ರ ಏನೂ ಮುಟ್ಟಬ್ಯಾಡ್ರಿ. ಫೋನ್ ಮಾಡ್ರಿ. ಎಲ್ಲೇ ಇರ್ಲಿ, ಎತ್ತತೀನಿ,” ಎಂದು ನನಗೆ ಒಂದೇ ಒಂದು ಕಟ್ಟಳೆ ಹಾಕಿದ್ದರು.

ನಾನು ಮುರಿದದ್ದು ಅದನ್ನೇ.

ಕುರುಗೋಡಿನ ಹೊಲಕ್ಕೆ ಹೊಸ ಕಂಪನಿಯ ಪೆಟ್ಟಿಗೆ ಬಂತು. ಅದರ ಕಾರ್ಡನ್ನು ಓದುವ ಫಂಕ್ಷನ್ನು ಅಂಕಿಗಳನ್ನು ಡಬಲ್ ಅಳತೆಯಲ್ಲಿ ಕೊಡುತ್ತಿತ್ತು. ನಮ್ಮ ಕಡತ ಬರೆಯುವ ಫಂಕ್ಷನ್ನು ಕೇಳುತ್ತಿದ್ದುದು ಫ್ಲೋಟ್. ಅದೇ ವಾರ ಮೇಡಂ ತಾಯಿಯವರಿಗೆ ಆಪರೇಷನ್. ಹೊಸ ಪೆಟ್ಟಿಗೆಗೆ ಬೇಕಾದ ಸಣ್ಣ ಬದಲಾವಣೆಯನ್ನು ನನಗೆ ಒಪ್ಪಿಸಿ, ನೋಟ್‌ಬುಕ್ಕನ್ನೂ ಕೊಟ್ಟು ಆಸ್ಪತ್ರೆಗೆ ಹೋದರು.

ನಾನು ಕಂಪ್ಯೂಟರಿನ ಮುಂದೆ ಕೂತಿದ್ದನ್ನು ನೋಡಿ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಬಾಗಿಲಲ್ಲೇ ನಿಂತರು.

“ಏನಲೇ, ಹತ್ತನೇತ್ತ ಓದಿ ಇಂಜಿನಿಯರ್ ಆಗೀಯೇನು? ಬಿಡು, ಆಕಿ ಬಂದು ಮಾಡ್ಲಿ. ನಿನಗ ಆಗೂದಲ್ಲ ಅದು.”

“ಆಗ್ತೈತ್ರೀ ಸರ್. ಮಧ್ಯಾಹ್ನಕ್ಕ ಕೊಡ್ತೀನಿ,” ಎಂದುಬಿಟ್ಟೆ.

ಹನ್ನೆರಡು ಗಂಟೆಗೆ ಜೋಡಿಸಿದಾಗ ವಾರ್ನಿಂಗ್ ಬಂತು. ಫೋನ್ ಕೈಗೆ ತೆಗೆದುಕೊಂಡೆ. ಪಕ್ಕದ ಕೋಣೆಯಲ್ಲಿ ಸಾಹೇಬರಿದ್ದರು, ನಾನು ಮೇಡಂಗೆ ಕೇಳುವುದು ಅವರಿಗೆ ಕೇಳಿಸುತ್ತಿತ್ತು. ಫೋನ್ ಕೆಳಗಿಟ್ಟೆ. ಹಿಂದೊಮ್ಮೆ ಬೇರೆಯವರ ಪ್ರೋಗ್ರಾಮಿನಲ್ಲಿ ಒಂದು ಉಪಾಯ ನೋಡಿದ್ದೆ. ಅಂಕಿಸಾಲಿನ ಹೆಸರಿನ ಮುಂದೆ ಆವರಣದೊಳಗೆ ಫ್ಲೋಟ್ ಎಂದು ಬರೆದು ಒಂದು ನಕ್ಷತ್ರ ಹಾಕಿದರೆ ಯಂತ್ರ ಸುಮ್ಮನಾಗುತ್ತದೆ. ‘ಇದು ಫ್ಲೋಟೇ, ನನ್ನ ಮಾತು ನಂಬು’ ಎಂದು ಹೇಳಿದ ಹಾಗೆ. ಹಾಕಿದೆ. ವಾರ್ನಿಂಗ್ ಹೋಯಿತು. ಪ್ರೋಗ್ರಾಂ ಓಡಿತು, ಕಡತ ತಯಾರಾಯಿತು. ಒಳಗಿನ ಅಂಕಿಗಳನ್ನು ನಾನು ತೆಗೆದು ನೋಡಲಿಲ್ಲ. ಸಾಹೇಬರ ಕೋಣೆಗೆ ಹೋಗಿ “ಆತ್ರೀ ಸರ್,” ಎಂದೆ. ಆ ಎರಡು ಮಾತಿನ ಸುಖಕ್ಕಾಗಿ ಇಷ್ಟೆಲ್ಲ.

ಆ ಕಡತದಲ್ಲಿ ಒಂದು ಬಿಟ್ಟು ಒಂದು ಸೊನ್ನೆ ಇತ್ತು. ಸೊನ್ನೆ ಬಂದರೆ ಪೆಟ್ಟಿಗೆಯ ಬ್ಯಾಟರಿ ಕೈಕೊಟ್ಟಿದೆ ಎಂದು ಬಿಟ್ಟುಬಿಡುವುದು ಕಚೇರಿಯ ರೂಢಿ. ಸೊನ್ನೆಗಳನ್ನು ತೆಗೆದ ಮೇಲೆ ಉಳಿದ ಅಂಕಿಗಳೆಲ್ಲ ಮೂರರ ಆಸುಪಾಸು. ನಿಜವಾಗಿ ಇರಬೇಕಾದದ್ದು ಮೂವತ್ತರ ಆಸುಪಾಸು. ಮಣ್ಣು ಪೂರ್ತಿ ಒಣಗಿದೆ, ನೀರು ಬಿಡಿ ಎಂದು ಕುರುಗೋಡಿಗೆ ಸಂದೇಶ ಹೋಯಿತು. ಮೂರು ದಿನ ಬಿಟ್ಟು ಮತ್ತೊಂದು ಹೋಯಿತು.

ಎರೆ ಭೂಮಿ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಮೊದಲೇ ಹಸಿಯಾಗಿದ್ದ ಹೊಲಕ್ಕೆ ಎರಡು ಸಲ ನೀರು ನಿಂತು ಮೆಣಸಿನ ಗಿಡಗಳು ಬೇರು ಕೊಳೆತು ಜೋತು ಬಿದ್ದವು. ಹೊಲದ ಯಜಮಾನರು ಕಚೇರಿಗೆ ಫೋನ್ ಮಾಡಿದ ದಿನವೇ ನಾನು ಕಡತ ತೆರೆದು ನೋಡಿದೆ. ಮೇಡಂ ಕೊಟ್ಟಿದ್ದ ನೋಟ್‌ಬುಕ್ಕಿನ ಹಾಳೆ ತಿರುವಿದರೆ, ನಾನು ಓದಿ ನಿಲ್ಲಿಸಿದ್ದ ಪುಟದಿಂದ ಎರಡೇ ಪುಟ ಮುಂದೆ ಅದಕ್ಕೆ ಸರಿಯಾದ ದಾರಿ ಇತ್ತು. ಬೇರೆ ಒಂದು ಫ್ಲೋಟ್ ಸಾಲು ಮಾಡಿಕೊಂಡು ಡಬಲ್ ಸಾಲಿನ ಒಂದೊಂದೇ ಅಂಕಿಯನ್ನು ಅದಕ್ಕೆ ಇಳಿಸಿ, ಆ ಸಾಲಿನ ವಿಳಾಸ ಕೊಡಬೇಕು. ಅರ್ಧ ಗಂಟೆಯ ಕೆಲಸ. ಹಾಗೆ ತಿದ್ದಿದೆ. ನಕ್ಷತ್ರ ಅಳಿಸಿದೆ. ಯಾರಿಗೂ ಹೇಳಲಿಲ್ಲ.

ಸುದ್ದಿ ತಿಳಿದು ಮೇಡಂ ಆಸ್ಪತ್ರೆಯಿಂದ ನೇರ ಕಚೇರಿಗೆ ಬಂದರು. ನನ್ನ ಪ್ರೋಗ್ರಾಂ ಸಾಲು ಸಾಲಾಗಿ ಓದಿ, “ಚೊಲೋ ಮಾಡೀರಿ ಅಣ್ಣಾರ, ಅಳತಿ ಎಲ್ಲಾ ಕೂಡ್ಯಾವು,” ಎಂದು ಬೆನ್ನು ತಟ್ಟಿದರು. ಅದೇ ಕಾರ್ಡು ಹಾಕಿ ಓಡಿಸಿದರು. ಅಂಕಿಗಳು ಸರಿಯಾಗಿ ಬಂದವು. ಮೊದಲಿನ ಕಡತ ಹೇಗೆ ಕೆಟ್ಟಿತೆಂದು ಅವರಿಗೆ ಅರ್ಥವಾಗಲಿಲ್ಲ.

“ನಡುವ ಏನಾರ ಮುಟ್ಟಿದ್ರೇನು?”

“ಇಲ್ರೀ ಮೇಡಂ.”

ಮತ್ತೆ ಕೇಳಲಿಲ್ಲ. ನಾನು ಸುಳ್ಳು ಹೇಳಿರಬಹುದು ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ.

ಮರುದಿನ ನನ್ನನ್ನೂ ಕರೆದುಕೊಂಡು ಕುರುಗೋಡಿಗೆ ಹೋದರು. ಚಪ್ಪಲಿ ಬದುವಿನ ಮೇಲೆ ಬಿಟ್ಟು ಕೆಸರಿಗೆ ಇಳಿದರು. ಯಜಮಾನರು ಬೈಯಲಿಲ್ಲ. ಕಿತ್ತ ಗಿಡವೊಂದನ್ನು ಅವರ ಕೈಗೆ ಕೊಟ್ಟು, “ನನ್ನ ಕಾಲು ಹಸಿ ಐತಿ ಅಂತಿತ್ತವ್ವಾ, ನಿಮ್ಮ ಪೆಟಿಗಿ ಒಣಾ ಐತಿ ಅಂತು. ನಾ ಪೆಟಿಗಿ ಮಾತು ಕೇಳಿದ್ನಿ,” ಎಂದರು. ಮೇಡಂ ಆ ಕಪ್ಪಾದ ಬೇರನ್ನು ಬಹಳ ಹೊತ್ತು ನೋಡಿದರು. “ತಪ್ಪು ನಂದ್ರೀ ಯಜಮಾನ್ರ. ಎಲ್ಲಿ ಅಂತ ಇನ್ನಾ ಸಿಕ್ಕಿಲ್ಲ,” ಎಂದರು. ನಾನು ಅವರ ಹಿಂದೆ ಚಪ್ಪಲಿ ಕಾಯುತ್ತ ನಿಂತಿದ್ದೆ.

ವಾರದ ಮೇಲೆ ವಿಚಾರಣೆ. ಸಾಹೇಬರು ಎಲ್ಲರ ಮುಂದೆ ನನ್ನ ಕಡೆ ಬೆರಳು ಮಾಡಿದರು. “ಇವನ ಕೈಯಾಗ ಕೊಟ್ಟಿದ್ದಿಯಲ್ಲಮ್ಮಾ? ಇವನೇ ಏನಾರ ಹಾಳು ಮಾಡಿರಬೇಕು. ಏನಲೇ?”

ನಾನು ಬಾಯಿ ತೆರೆಯುವ ಮೊದಲೇ ಮೇಡಂ ಎದ್ದು ನಿಂತರು. “ಅವರು ಬರದಿದ್ದು ನಾ ನೋಡೀನಿ ಸರ್, ಸರಿ ಐತಿ. ಕೇಳದ ಏನೂ ಮುಟ್ಟೋ ಮನಷ್ಯಾ ಅಲ್ಲ ಅವರು. ಲೈಬ್ರರಿ ಕೂಡ್ಸಿದಾಕಿ ನಾನು. ತಪ್ಪು ಅಲ್ಲೆಲ್ಲೋ ಐತಿ. ಸಿಗೂತನಕ ಅದು ನಂದೇ.”

ಆಗ ಹೇಳಬಹುದಿತ್ತು. ಅವರ ಮಾತು ಮುಗಿದು ಸಾಹೇಬರು ಕಾಗದ ಮಡಿಚುವವರೆಗೆ ಸಾಕಷ್ಟು ಸಮಯವಿತ್ತು. ನನ್ನ ನೌಕರಿ ಮುಗಿಯಲು ಇನ್ನಾರು ವರ್ಷ ಬಾಕಿ ಇತ್ತು. ನೆಲ ನೋಡುತ್ತ ಕುಳಿತೆ. ಮೇಡಂ ಗುತ್ತಿಗೆಯ ಮೇಲಿದ್ದವರು, ಅದು ಮುಂದುವರಿಯಲಿಲ್ಲ. ಹೋಗುವ ದಿನ ನೋಟ್‌ಬುಕ್ಕನ್ನು ನನಗೇ ಬಿಟ್ಟು, “ಕಲಿಯೂದು ಬಿಡಬ್ಯಾಡ್ರಿ,” ಎಂದು ಹೋದರು. ನಾನು ಬಿಡಲಿಲ್ಲ. ನಿವೃತ್ತನಾಗುವ ತನಕ ಆ ಕಡತಗಳ ಕೆಲಸವನ್ನು ನಾನೇ ನೋಡಿಕೊಂಡೆ, ಸಂಬಳವೂ ಏರಿತು, ಸಾಹೇಬರೂ ಬಹುವಚನದಲ್ಲಿ ಮಾತಾಡಿಸಲು ಕಲಿತರು. ನನಗೆ ಸಿಕ್ಕ ಮರ್ಯಾದೆಯೆಲ್ಲ ಮೇಡಂ ಕಲಿಸಿದ್ದರಿಂದ ಬಂದದ್ದು. ಅವರು ಸಿರುಗುಪ್ಪಕ್ಕೆ ಹೋಗಿ ಅರ್ಧ ಸಂಬಳಕ್ಕೆ ಪಾಠಕ್ಕೆ ಸೇರಿದರು.

ಅವರ ವಿದ್ಯಾರ್ಥಿನಿ ಫೋನಿನಲ್ಲಿ ನಗುತ್ತಾ ಹೇಳಿದ ಒಂದು ಮಾತು ನನ್ನನ್ನು ಕೂರಲು ಬಿಡಲಿಲ್ಲ. “ಮೇಡಂ ಒಂದು ಸಾಲು ಬರೆದ್ರೆ ಮೂರು ಸಲ ನಮ್ ಕಡೆಯಿಂದ ನೋಡಿಸ್ತಾರೆ ಸರ್. ನನ್ನ ಕಣ್ಣು ನಂಬಬೇಡಿ, ನಂಗೆ ಕಾಣದ ತಪ್ಪು ಇರ್ತದೆ ಅಂತಾರೆ.” ನನಗೆ ಗೊತ್ತಿದ್ದ ಮೇಡಂ ಹಾಗಿರಲಿಲ್ಲ. ತಮ್ಮ ಕಣ್ಣನ್ನು ಪೂರ್ತಿ ನಂಬಿದ್ದರು, ನಂಬುವ ಹಾಗೇ ಇತ್ತು ಆ ಕಣ್ಣು. ಕೆಲಸ ಕಳೆದದ್ದಷ್ಟೇ ಎಂದುಕೊಂಡಿದ್ದೆ. ಇದನ್ನೂ ಕಳೆದಿದ್ದೆ.

ಹೋದ ಭಾನುವಾರ ಸಿರುಗುಪ್ಪಕ್ಕೆ ಹೋದೆ. ಮೇಡಂ ಬಾಗಿಲಿಗೇ ಬಂದು, “ಅಯ್ಯ, ಅಣ್ಣಾರು! ಎಷ್ಟು ಸೊರಗೀರಿ!” ಎಂದು ಒಳಗೆ ಕರೆದರು. ನೀರು ಕೊಟ್ಟರು. ಕುಡಿದರೆ ಹೇಳಲು ಆಗುವುದಿಲ್ಲ ಎನಿಸಿ ಲೋಟ ಹಿಡಿದುಕೊಂಡೇ ಎಲ್ಲ ಹೇಳಿದೆ. ಫೋನ್ ಕೆಳಗಿಟ್ಟದ್ದು, ಆವರಣ, ನಕ್ಷತ್ರ, ಆಮೇಲೆ ತಿದ್ದಿದ್ದು, ಕೇಳಿದಾಗ ಇಲ್ಲ ಎಂದದ್ದು, ವಿಚಾರಣೆಯಲ್ಲಿ ಬಾಯಿ ಬಿಡದೆ ಕುಳಿತದ್ದು.

ಅವರು ಎದ್ದು ಒಳಗಿನಿಂದ ಒಂದು ಹಾಳೆ ತಂದರು. ಅಂದಿನ ಕೆಟ್ಟ ಅಂಕಿಗಳ ಪ್ರತಿ. ಹದಿನಾರು ವರ್ಷ ಇಟ್ಟುಕೊಂಡಿದ್ದರು, ಮಡಿಕೆಗಳು ಹರಿದು ಅಂಟಿನ ಪಟ್ಟಿ ಹಚ್ಚಿದ್ದರು. ಪಕ್ಕದಲ್ಲಿ ಸರಿ ಅಂಕಿಗಳು. ಇಪ್ಪತ್ತೆಂಟೂ ಕಾಲು ಎಂಬುದನ್ನು ಆರಿಸಿಕೊಂಡು, ಹಾಳೆಯ ಹಿಂಬದಿಯಲ್ಲಿ ಅದನ್ನು ಯಂತ್ರ ಬರೆದಿಡುವ ಹಾಗೆ ಒಂದು-ಸೊನ್ನೆಗಳಲ್ಲಿ ಬಿಡಿಸಿ, ಎಂಟು ಮನೆಗಳಿಗೆ ಹಂಚಿ, ನಡುವೆ ಗೆರೆ ಎಳೆದರು. ಒಂದು ಅರ್ಧ ಪೂರ್ತಿ ಸೊನ್ನೆ. ಇನ್ನೊಂದು ಅರ್ಧವನ್ನು ಫ್ಲೋಟ್ ಎಂದು ಓದಿ ಲೆಕ್ಕ ಹಾಕಿದರು. ಎರಡು ಪಾಯಿಂಟ್ ಒಂಬತ್ತು ನಾಲ್ಕು. ಹಾಳೆ ತಿರುವಿ ನೋಡಿದರು. ಎರಡು ಪಾಯಿಂಟ್ ಒಂಬತ್ತು ನಾಲ್ಕು. ಮೂವತ್ತೊಂದೂವರೆ ತೆಗೆದುಕೊಂಡರು. ಅದೂ ಕೂಡಿತು.

ಪೆನ್ನು ಕೆಳಗಿಟ್ಟರು.

“ಇದು ನಂಗ ಅವತ್ತೇ ಹೊಳದಿತ್ತು,” ಎಂದರು. ದನಿ ಬಹಳ ಸಣ್ಣಗಿತ್ತು. “ಅರ್ಧ ಕಡದಂಗ ಕಾಣ್ತೈತಲ್ಲ ಅಂತ. ಆದ್ರ ನೀವು ಮುಟ್ಟಿಲ್ಲ ಅಂದಿದ್ರಿ. ಹಂಗಾರ ಇದು ಅಲ್ಲ ಅಂತ ಬಿಟ್ಟೆ. ಈ ಒಂದು ಬಿಟ್ಟು ಉಳಿದಿದ್ದೆಲ್ಲಾ ಹುಡುಕೀನಿ ಅಣ್ಣಾರ. ಹದಿನಾರು ವರ್ಷ.”

“ತಪ್ಪಾತ್ರೀ ಮೇಡಂ.”

“ಎದ್ದು ಹೋಗ್ರಿ. ನಿಮ್ಮ ಮಾರಿ ನೋಡಾಕ ಆಗವಲ್ದು ನಂಗ. ಹೋಗ್ರಿ!”

ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಳ್ಳಾರಿ ಬಸ್ಸು ಹತ್ತದೆ ಬಿಟ್ಟೆ. ಎರಡು ಗಂಟೆಯ ಸುಮಾರಿಗೆ ಫೋನ್ ಬಂತು.

“ಎಲ್ಲದೀರಿ?”

“ಇಲ್ಲೇ, ಸ್ಟ್ಯಾಂಡಿನ್ಯಾಗ ಅದೀನ್ರಿ.”

“ಉಂಡೀರೇನು?”

“ಇಲ್ರಿ.”

“ಬರ್ರಿ ಹಂಗಾರ. ಅನ್ನ ಇಟ್ಟೀನಿ. ಸಿಟ್ಟು ಹೋಗೇತಿ ಅಂತ ತಿಳ್ಕೋಬ್ಯಾಡ್ರಿ, ಹೋಗಿಲ್ಲ. ನೀವು ಬಿಪಿ ಗುಳಿಗಿ ನುಂಗೋರು, ಉಪಾಸ ಕಳ್ಸಿದ್ರ ನಂಗ ತುತ್ತು ಇಳ್ಯಾಂಗಿಲ್ಲ.”

ಅನ್ನ, ಬದನೇಕಾಯಿ ಪಲ್ಯ, ಸಾರು. ನನಗೆ ಬಡಿಸಿ ಎದುರಿಗೆ ಕೂತರು. ಊಟದ ನಡುವೆ ಎರಡು ಸಲ ಬೈದರು, ಒಂದು ಸಲ ಪೂರ್ತಿ ತೆಲುಗಿನಲ್ಲಿ. ನಾನು ತಲೆ ತಗ್ಗಿಸಿ ಉಂಡೆ. ಸಾರು ಬೇಕೇ ಎಂದೂ ಅದೇ ದನಿಯಲ್ಲಿ ಕೇಳಿದರು. ಕೈ ತೊಳೆದ ಮೇಲೆ, ಪುಸ್ತಕಕ್ಕೆ ಇದನ್ನು ಬರೆಯಲೇ ಎಂದು ಕೇಳಿದೆ.

“ಬರೀರಿ. ನಾ ಪಾಠ ಮಾಡಿದ ಮಕ್ಕಳು ಓದ್ಲಿ. ಫಂಕ್ಷನ್ ಏನು ಕೇಳಿತ್ತು, ನೀವು ಏನು ಕೊಟ್ರಿ, ಎಲ್ಲಾ ಬಿಡಿಸಿ ಬರೀರಿ. ನನ್ನ ಹೆಸರು ಬ್ಯಾಡ. ಮೊದಲ ಕುರುಗೋಡಿಗೆ ಹೋಗಿ ಆ ಯಜಮಾನರಿಗೆ ಹೇಳಿ ಬರ್ರಿ. ಆಮ್ಯಾಲೆ ಬರೀರಿ.”

ಹೋಗಿ ಹೇಳಿ ಬಂದೆ. ಅವರಿಗೆ ಈಗ ಕಿವಿ ಮಂದ. ಮಗಳನ್ನು ಕರೆದು ಕಿವಿಯಲ್ಲಿ ಹೇಳಿಸಿಕೊಂಡು, “ಹಂಗಾರ ಆ ಅವ್ವಂದು ತಪ್ಪಿಲ್ಲ ಅನ್ನು,” ಎಂದರು. ಅದನ್ನು ಮೇಡಂಗೆ ಫೋನಿನಲ್ಲಿ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟರು.

ಅವರು ನನ್ನನ್ನು ಕ್ಷಮಿಸಿಲ್ಲ. ಅದನ್ನು ಕೇಳುವ ಮುಖವೂ ನನಗಿಲ್ಲ. ಹದಿನಾರು ವರ್ಷ ಅವರು ತಮ್ಮ ಮೇಲೆಯೇ ಮಾಡಿಕೊಂಡ ಸಿಟ್ಟು ಈಗ ನನ್ನ ಮೇಲಿದೆ. ಕಂಪ್ಯೂಟರಿನ ಮುಂದೆ ಕುರ್ಚಿ ಕೊಟ್ಟದ್ದಕ್ಕೆ ಎಷ್ಟು ಋಣಿಯೋ, ಈ ಸಿಟ್ಟು ಕೊಟ್ಟದ್ದಕ್ಕೂ ಅಷ್ಟೇ ಋಣಿ. ಮೊನ್ನೆ ಅವರ ವಿದ್ಯಾರ್ಥಿನಿ ಮತ್ತೆ ಫೋನ್ ಮಾಡಿದ್ದಳು, ಬರಹ ಆಯಿತೇ ಎಂದು ಕೇಳಲು. ಮಾತಿನ ನಡುವೆ ಹೇಳಿದಳು: ನಿನ್ನೆ ಮೇಡಂ ಮನೆಗೆ ಹೋಗಿದ್ದೆವು, ಒಂದು ಪ್ರೋಗ್ರಾಂ ಬರೆದುಕೊಟ್ಟರು, ನೋಡಿ ಎಂದು ಯಾರಿಗೂ ಕೊಡಲಿಲ್ಲ, ತಾವೇ ಒಂದು ಸಲ ಓದಿ “ಸರಿ ಐತಿ, ಓಡಸ್ರಿ” ಅಂದರು.